ಬಂಡೆಯ ಮೇಲಿನ ಗುಡಿ ಮತ್ತು ಒಂದು ಸರಕಾರಿ ಆಜ್ಞೆ

ಜಪಾನಿನ ಮುಖ್ಯ ದ್ವೀಪವಾದ ಹೊನ್ಶುವಿನ ಪಶ್ಚಿಮಕ್ಕೆ, ಸಮುದ್ರದ ಅಂಚಿನಲ್ಲಿ ತೊತ್ತೊರಿ ಎಂಬ ಪ್ರಾಂತ್ಯವಿದೆ. ಅಲ್ಲಿನ ಮಿಸಾಸ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಸಣ್ಣ ಊರು. ನೀರಿನಲ್ಲಿ ರೇಡಿಯಂ ಮತ್ತು ರೇಡಾನ್ ಅಂಶ ಹೆಚ್ಚಾಗಿರುವುದರಿಂದ, ಸಂಧಿವಾತ ಮುಂತಾದ ಕಾಯಿಲೆಗಳಿಗೆ ಇಲ್ಲಿನ ಸ್ನಾನ ಒಳ್ಳೆಯದೆಂದು ಜನ ನಂಬಿ ಬರುತ್ತಾರೆ.

ಈ ಬುಗ್ಗೆ ಪತ್ತೆಯಾದ ಬಗ್ಗೆ ಒಂದು ಐತಿಹ್ಯವಿದೆ. 1164ರಲ್ಲಿ ಒಬ್ಬ ಯೋಧ ಸೋತುಹೋದ ತನ್ನ ಒಡೆಯನ ವಂಶ ಮತ್ತೆ ತಲೆಯೆತ್ತಲಿ ಎಂದು ಪ್ರಾರ್ಥಿಸಲು ಹತ್ತಿರದ ಮಿತೊಕು ಬೆಟ್ಟಕ್ಕೆ ಹೊರಟಿದ್ದ. ದಾರಿಯಲ್ಲಿ ಮುದಿಯಾದ ಬಿಳಿ ತೋಳವೊಂದು ಎದುರಾಯಿತು. ಅವನು ಬಾಣ ಬಿಡದೆ ಅದನ್ನು ಬದುಕಲು ಬಿಟ್ಟ. ಆ ದಯೆಗೆ ಪ್ರತಿಯಾಗಿ ಕನಸಿನಲ್ಲಿ ಬುಗ್ಗೆಯ ಜಾಗ ತಿಳಿಯಿತಂತೆ. ಕತೆಯ ಸತ್ಯಾಸತ್ಯತೆ ಏನೇ ಇರಲಿ, ಊರಿನವರ ನೆನಪಿನಲ್ಲಿ ಬೆಟ್ಟ ಮೊದಲು, ಬುಗ್ಗೆ ನಂತರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸುಮಾರು 900 ಮೀಟರ್ ಎತ್ತರದ ಮಿತೊಕು ಬೆಟ್ಟದಲ್ಲಿ ಸಾನ್‌ಬುತ್ಸುಜಿ ಎಂಬ ಬೌದ್ಧ ಮಂದಿರವಿದೆ. ಅದರ ತುತ್ತತುದಿಯ ಗುಡಿಯ ಹೆಸರು ನಾಗೆಇರೆದೋ, ಅಂದರೆ 'ಎಸೆದು ಒಳಸೇರಿಸಿದ ಗುಡಿ'. ಕಡಿದಾದ ಬಂಡೆಯ ಪೊಟರೆಯೊಂದರಲ್ಲಿ ಉದ್ದಗಿಡ್ಡದ ಮರದ ಕಂಬಗಳ ಮೇಲೆ ಅದು ನಿಂತಿದೆ. ಕೆಳಗಿನಿಂದ ನೋಡಿದರೆ ಮನುಷ್ಯರು ಅಲ್ಲಿಗೆ ಮರ ಸಾಗಿಸಿ ಕಟ್ಟಿದ್ದಾದರೂ ಹೇಗೆ ಎಂದು ಸೋಜಿಗವಾಗುತ್ತದೆ. ಎನ್ ನೋ ಗ್ಯೋಜ ಎಂಬ ತಪಸ್ವಿ 706ರಲ್ಲಿ ಬೆಟ್ಟದ ಬುಡದಲ್ಲಿ ಗುಡಿ ಕಟ್ಟಿ, ಮಂತ್ರಬಲದಿಂದ ಅದನ್ನು ಮೇಲಕ್ಕೆ ಎಸೆದ ಎಂದು ಸ್ಥಳಪುರಾಣ ಹೇಳುತ್ತದೆ. ಇತಿಹಾಸ ಬೇರೆ ಮಾತು ಹೇಳುತ್ತದೆ. ಮರದ ಉಂಗುರಗಳ ಪರೀಕ್ಷೆಯ ಪ್ರಕಾರ ಇದು ಹೀಯಾನ್ ಯುಗದ ಕೊನೆಯ ಭಾಗದ್ದು, ಅಂದರೆ 11-12ನೇ ಶತಮಾನದ್ದು. ಹಾಗಿದ್ದರೂ ಒಂಬತ್ತು ಶತಮಾನಗಳ ಮಳೆ, ಹಿಮ, ಭೂಕಂಪಗಳನ್ನು ಅದು ತಡೆದುಕೊಂಡಿದೆ. 1952ರಲ್ಲಿ ಜಪಾನ್ ಸರಕಾರ ಇದನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿತು.

ಇಲ್ಲಿಗೆ ಹೋಗುವುದು ಪ್ರವಾಸವಲ್ಲ, ಸಾಧನೆ ಎಂಬುದು ಮಂದಿರದವರ ನಿಲುವು. ಒಬ್ಬರೇ ಬಂದವರನ್ನು ಹತ್ತಲು ಬಿಡುವುದಿಲ್ಲ. ಮೊದಲು ಪಾದರಕ್ಷೆಯ ಅಡಿಭಾಗವನ್ನು ಪರೀಕ್ಷಿಸುತ್ತಾರೆ. ಅದು ಜಾರುವಂತಿದ್ದರೆ ಹುಲ್ಲಿನಿಂದ ಹೆಣೆದ ಚಪ್ಪಲಿ ಕೊಂಡು ಹಾಕಿಕೊಳ್ಳಬೇಕು. ಮಳೆ ಬಂದರೆ ದಾರಿ ಬಂದ್, ಹಿಮ ಬೀಳುವ ಚಳಿಗಾಲದಲ್ಲೂ ಬಂದ್. ಹತ್ತುವವರು ಕೊರಳಿಗೆ ಹಾಕಿಕೊಳ್ಳುವ ಪಟ್ಟಿಯ ಮೇಲೆ 'ಆರು ಇಂದ್ರಿಯಗಳ ಶುದ್ಧಿ' ಎಂದು ಬರೆದಿರುತ್ತದೆ. ಕಣ್ಣು, ಕಿವಿ, ಮೂಗು, ನಾಲಗೆ, ದೇಹ ಮತ್ತು ಮನಸ್ಸು, ಇವೇ ಆ ಆರು.

ಮುಂದೆ ಮೆಟ್ಟಿಲುಗಳಿಲ್ಲ. ಮರದ ಬೇರುಗಳನ್ನು ಹಿಡಿದು ಹತ್ತಬೇಕು, ಒಂದು ಕಡೆ ಬಂಡೆಗೆ ಇಳಿಬಿಟ್ಟ ಸರಪಳಿಯೇ ಗತಿ. ದಾರಿಯುದ್ದಕ್ಕೂ ಚಿಕ್ಕ ಚಿಕ್ಕ ಗುಡಿಗಳಿವೆ. ಮೊಂಜು, ಜಿಜೋ, ಕನ್ನೊನ್ ಎಂಬ ಅಲ್ಲಿನ ಹೆಸರುಗಳು ಅಪರಿಚಿತವೆನಿಸಬಹುದು. ಆದರೆ ಇವರು ಭಾರತದಿಂದ ಚೀನಾ, ಕೊರಿಯಾಗಳ ಮೂಲಕ ಅಲ್ಲಿಗೆ ತಲುಪಿದ ಮಂಜುಶ್ರೀ, ಕ್ಷಿತಿಗರ್ಭ ಮತ್ತು ಅವಲೋಕಿತೇಶ್ವರರೇ. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ಹಲವು ವಿದ್ವಾಂಸರು ಇದೇ ಅವಲೋಕಿತೇಶ್ವರನೆಂದು ಗುರುತಿಸಿದ್ದಾರೆ. ಅದು ಇಂದು ಇರುವುದು ಶಿವನ ದೇವಾಲಯದಲ್ಲಿ. ಒಂದು ಧರ್ಮದ ಅಂಗಳ ಎಲ್ಲಿ ಮುಗಿದು ಇನ್ನೊಂದರದ್ದು ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದು ಹಿಂದಿನ ಕಾಲದಲ್ಲಿ ಅಷ್ಟು ಸುಲಭವಿರಲಿಲ್ಲ.

ಮಿತೊಕು ಬೆಟ್ಟದ ಕತೆಯಲ್ಲಿ ಮುಖ್ಯವಾದುದೂ ಇದೇ. ಬಂಡೆಯ ಗುಡಿಯಲ್ಲಿ ಆರಾಧನೆಗೊಳ್ಳುತ್ತಿದ್ದುದು ಜಾವೋ ಗೊಂಗೆನ್. ಆ ವಿಗ್ರಹಗಳನ್ನು ಈಗ ಕೆಳಗಿನ ಭಂಡಾರದಲ್ಲಿ ಕಾಪಾಡಲಾಗಿದೆ. ಒಂದರೊಳಗೆ 1168ರ ಬರಹ ಸಿಕ್ಕಿದೆ. 'ಗೊಂಗೆನ್' ಎಂದರೆ ಬುದ್ಧನು ಜನರ ಒಳಿತಿಗಾಗಿ ಸ್ಥಳೀಯ ದೇವತೆಯ ರೂಪದಲ್ಲಿ ಕಾಣಿಸಿಕೊಳ್ಳುವುದು. ಜಪಾನಿನ ಮೂಲ ದೇವತೆಗಳಾದ 'ಕಾಮಿ'ಗಳನ್ನೂ ಹೊರಗಿನಿಂದ ಬಂದ ಬುದ್ಧನನ್ನೂ ಸಾಮಾನ್ಯ ಜನ ಸಾವಿರಕ್ಕೂ ಹೆಚ್ಚು ವರ್ಷ ಜೊತೆಯಲ್ಲೇ ಇಟ್ಟುಕೊಂಡಿದ್ದರು. ಬೆಟ್ಟಗಳಲ್ಲಿ ತಪಸ್ಸು ಮಾಡುವ ಶುಗೆಂದೋ ಎಂಬ ಪಂಥ ಈ ಬೆರಕೆಯಿಂದಲೇ ಬೆಳೆದುದು. ಎನ್ ನೋ ಗ್ಯೋಜನನ್ನು ಅದರ ಮೂಲಪುರುಷನೆಂದು ಭಾವಿಸುತ್ತಾರೆ. ಆತನ ಮೇಲೂ ಆಳುವವರಿಗೆ ಸಂಶಯವಿತ್ತು. 699ರಲ್ಲಿ ಆತನನ್ನು ಇಜು ಎಂಬಲ್ಲಿಗೆ ಗಡಿಪಾರು ಮಾಡಿದ್ದನ್ನು ಅಂದಿನ ರಾಜದಾಖಲೆ ಹೇಳುತ್ತದೆ.

1868ರಲ್ಲಿ ಮೇಜಿ ಸರಕಾರ ಅಧಿಕಾರಕ್ಕೆ ಬಂತು. ಪಾಶ್ಚಾತ್ಯ ಶಕ್ತಿಗಳೆದುರು ನಿಲ್ಲಲು ಚಕ್ರವರ್ತಿಯನ್ನು ಕೇಂದ್ರವಾಗಿಟ್ಟ ಬಲಿಷ್ಠ ರಾಷ್ಟ್ರ ಬೇಕೆಂದೂ, ಅದಕ್ಕೆ 'ಶುದ್ಧ' ಶಿಂತೋ ಆಧಾರವಾಗಬೇಕೆಂದೂ ಅದು ಬಯಸಿತು. ಅದೇ ವರ್ಷ ಕಾಮಿ ಮತ್ತು ಬುದ್ಧರನ್ನು ಬೇರ್ಪಡಿಸುವ ಆಜ್ಞೆ ಹೊರಟಿತು. ದೇವತೆಗಳಿಗೆ 'ಗೊಂಗೆನ್' ಎಂಬ ಬೌದ್ಧ ಬಿರುದು ಕೂಡದು, ಶಿಂತೋ ಗುಡಿಗಳಲ್ಲಿ ಬುದ್ಧನ ವಿಗ್ರಹ ಇರಕೂಡದು ಎಂದಾಯಿತು. ಆಜ್ಞೆಯಲ್ಲಿ ಧ್ವಂಸ ಮಾಡಿ ಎಂದು ಹೇಳಿರಲಿಲ್ಲ. ಆದರೆ ಹಲವೆಡೆ ವಿಗ್ರಹಗಳನ್ನು ಒಡೆದರು, ಗ್ರಂಥಗಳನ್ನು ಸುಟ್ಟರು. ನಾರಾದ ಪ್ರಸಿದ್ಧ ಕೊಫುಕುಜಿಯ ಭಿಕ್ಷುಗಳು ಕಾವಿ ಕಳಚಿ ಶಿಂತೋ ಅರ್ಚಕರಾದರು. 1872ರಲ್ಲಿ ಶುಗೆಂದೋ ಪಂಥವನ್ನೇ ನಿಷೇಧಿಸಲಾಯಿತು. ಜಾವೋ ಗೊಂಗೆನ್‌ನ ಮೂಲಕ್ಷೇತ್ರವಾದ ಯೊಶಿನೊದ ಮಂದಿರವನ್ನು ಶಿಂತೋ ಗುಡಿಯಾಗಿ ಮಾರ್ಪಡಿಸಲಾಯಿತು. 1886ರಲ್ಲಷ್ಟೇ ಅದು ಮತ್ತೆ ಬೌದ್ಧ ಮಂದಿರವಾಯಿತು.

ತಲೆತಲಾಂತರದಿಂದ ಒಂದೇ ಗುಡಿಯಲ್ಲಿ ಕೈಮುಗಿಯುತ್ತಿದ್ದ ರೈತನಿಗೆ 'ನೀನು ಪೂಜಿಸುತ್ತಿರುವುದು ಯಾರನ್ನು, ಇವನನ್ನೋ ಅವನನ್ನೋ?' ಎಂಬ ಪ್ರಶ್ನೆ ಬಂದುದು ಅವನ ಒಳಗಿನಿಂದಲ್ಲ, ರಾಜಧಾನಿಯಿಂದ. 'ಶುದ್ಧೀಕರಣ'ದ ಹೆಸರಿನಲ್ಲಿ ಆರಂಭವಾದ ಆ ರಾಜಕೀಯ ಮುಂದೆ ಶಿಂತೋವನ್ನು ಯುದ್ಧದ ಸಿದ್ಧಾಂತವನ್ನಾಗಿ ಮಾಡಿತು. 1945ರ ಸೋಲಿನ ನಂತರವೇ ಸರಕಾರ ಮತ್ತು ಶಿಂತೋ ಬೇರೆಯಾದುದು. 1947ರಲ್ಲಿ ಜಾರಿಗೆ ಬಂದ ಸಂವಿಧಾನ ಎಲ್ಲರಿಗೂ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿತು. ಶುಗೆಂದೋ ಸಾಧಕರು ಮತ್ತೆ ತಮ್ಮದೇ ಹೆಸರಿನಲ್ಲಿ ಬೆಟ್ಟ ಹತ್ತಿದರು.

2015ರಲ್ಲಿ ಮಿತೊಕು ಬೆಟ್ಟ ಮತ್ತು ಮಿಸಾಸದ ಬುಗ್ಗೆ ಎರಡನ್ನೂ ಸೇರಿಸಿ 'ಜಪಾನ್ ಪರಂಪರೆ' ಎಂದು ಅಲ್ಲಿನ ಸರಕಾರವೇ ಗುರುತಿಸಿತು. ಒಮ್ಮೆ ನಿಷೇಧಕ್ಕೊಳಗಾದ ಪಂಥದ ನೆಲೆ ಇಂದು ದೇಶದ ಹೆಮ್ಮೆಯಾಗಿದೆ. 2016ರ ಅಕ್ಟೋಬರ್‌ನಲ್ಲಿ 6.6 ತೀವ್ರತೆಯ ಭೂಕಂಪವಾಗಿ ದಾರಿಯ ಬಂಡೆ ಬಿರುಕುಬಿಟ್ಟಾಗ ದಾರಿ ಮುಚ್ಚಬೇಕಾಯಿತು. ದುರಸ್ತಿಯ ನಂತರ ಅದು ಮತ್ತೆ ತೆರೆಯಿತು.

ವಿಗ್ರಹಾರಾಧನೆಯನ್ನು ಒಪ್ಪದವರಿಗೂ ಈ ಚರಿತ್ರೆಯಲ್ಲಿ ಪಾಠವಿದೆ. ನಂಬಿಕೆಗಳ ಬಗ್ಗೆ ವಾದ ಮಾಡಬಹುದು, ಭಿನ್ನಾಭಿಪ್ರಾಯ ಹೇಳಬಹುದು. ಆದರೆ ಜನ ಕೂಡಿ ಉಳಿಸಿಕೊಂಡ ಜಾಗವೊಂದು ಯಾರದು ಎಂದು ಅಧಿಕಾರದ ಬಲದಿಂದ ತೀರ್ಮಾನಿಸಲು ಹೊರಟರೆ ಮೊದಲು ಒಡೆಯುವುದು ಜನರ ನಡುವಿನ ಬಾಳ್ವೆ. ಅಷ್ಟು ಕಷ್ಟಪಟ್ಟು ಹತ್ತಿದವರೂ ನಾಗೆಇರೆದೋದ ಒಳಗೆ ಕಾಲಿಡುವಂತಿಲ್ಲ. ತುಸು ದೂರದಲ್ಲಿ ನಿಂತು ನೋಡಿ ಮರಳಬೇಕು. ಬೌದ್ಧನಿಗೂ ಶಿಂತೋ ಭಕ್ತನಿಗೂ ಯಾವುದನ್ನೂ ನಂಬದ ಪ್ರವಾಸಿಗೂ ಅಲ್ಲಿ ಇರುವುದು ಒಂದೇ ನಿಯಮ.