ಮಾತ್ರೆಯ ತಿಂಗಳು, ಗುಳೆಯ ಕಾಲ

2004ರ ಏಪ್ರಿಲ್ 1ರಂದು ಭಾರತ ಸರ್ಕಾರವು ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿಯೂ ದೆಹಲಿಯಲ್ಲಿಯೂ ಉಚಿತ ಎಆರ್‌ಟಿಯನ್ನು, ಅಂದರೆ ಎಚ್‌ಐವಿ ವೃದ್ಧಿಯಾಗದಂತೆ ತಡೆಯುವ ಔಷಧಿಗಳನ್ನು ಜೀವನಪರ್ಯಂತ ಕೊಡುವ ಚಿಕಿತ್ಸೆಯನ್ನು ಆರಂಭಿಸಿದಾಗ ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಔಷಧಿಯ ಬೆಲೆ ಎಂಬ ಅಡ್ಡಿ ಅಲ್ಲಿಗೆ ಬಹುಮಟ್ಟಿಗೆ ತೊಲಗಿತಾದರೂ, ರಾಯಚೂರು ಜಿಲ್ಲೆಯಲ್ಲಿ ಅದಕ್ಕಿಂತ ಹಳೆಯದಾದ ಗುಳೆ ಹಾಗೆಯೇ ಉಳಿಯಿತು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕೊನೆಯ ಭಾಗದ ಹೊಲಗಳನ್ನು ಸರಿಯಾಗಿ ಮುಟ್ಟದ ವರ್ಷಗಳಲ್ಲಿ ಅಲ್ಲಿಯ ಕೂಲಿಕಾರರೂ, ಮಳೆಯನ್ನೇ ನೆಚ್ಚಿದ ದೇವದುರ್ಗದ ಹಳ್ಳಿಗಳವರೂ ಬೆಂಗಳೂರು, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಕುಟುಂಬಸಮೇತ ಹೊರಡುವುದು ವಾಡಿಕೆ. ಎಆರ್‌ಟಿ ಕೇಂದ್ರವಾದರೋ ಸಾಮಾನ್ಯವಾಗಿ ಒಂದು ತಿಂಗಳ ಮಾತ್ರೆಯನ್ನಷ್ಟೇ ಕೊಡುತ್ತಿತ್ತು. ಮೇಸ್ತ್ರಿಯಿಂದ ಮುಂಗಡ ಪಡೆದವನು ಮಾತ್ರೆಗಾಗಿ ಊರಿಗೆ ಮರಳಿದರೆ ಕೂಲಿ ತಪ್ಪುತ್ತಿತ್ತು, ಬಸ್ಸಿನ ಖರ್ಚೂ ಮೈಮೇಲೆ ಬೀಳುತ್ತಿತ್ತು. ವರ್ಗಾವಣೆ ಪತ್ರ ಪಡೆದು ಪರಸ್ಥಳದ ಕೇಂದ್ರದಲ್ಲಿ ಹೆಸರು ಬರೆಸುವ ಅವಕಾಶವಿದ್ದರೂ, ಹತ್ತಾರು ಜನ ಒಟ್ಟಿಗೆ ಮಲಗುವ ತಗಡಿನ ಶೆಡ್ಡಿನಲ್ಲಿ ದಿನವೂ ಗುಟ್ಟಾಗಿ ಮಾತ್ರೆ ನುಂಗುವುದು ಸುಲಭವಾಗಿರಲಿಲ್ಲ. ಹೀಗೆ ಚಿಕಿತ್ಸೆ ತಪ್ಪುವುದನ್ನು ರೋಗಿಯ ಅಜಾಗ್ರತೆಯೆಂದು ಬರೆದುಕೊಳ್ಳುವುದು ಅನ್ಯಾಯ.

ನಿಯಮಗಳ ಪಾಲೂ ಇದರಲ್ಲಿ ಸಣ್ಣದಲ್ಲ. ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಎಣಿಕೆ ಮೊದಲಿಗೆ 200ಕ್ಕಿಂತ, ಮುಂದೆ 350ಕ್ಕಿಂತ, 2016ರಲ್ಲಿ 500ಕ್ಕಿಂತ ಕಡಿಮೆಯಾದ ಮೇಲೆ ಔಷಧಿ ಕೊಡುವ ಪದ್ಧತಿಯಿದ್ದುದರಿಂದ, ಸೋಂಕು ಖಚಿತವಾದವರನ್ನೂ ಮುಂದಿನ ಪರೀಕ್ಷೆಗೆ ಬರಹೇಳಿ ಕಳುಹಿಸಲಾಗುತ್ತಿತ್ತು. ಮೈ ಗಟ್ಟಿಯಿದ್ದವರು ದುಡಿಮೆಗೆ ಹೊರಟರೆ ಮರಳುವುದು ಕಾಯಿಲೆ ಬಿದ್ದ ಮೇಲೆಯೇ. ಆರಂಭದ ವರ್ಷಗಳ ಸ್ಟಾವುಡಿನ್ ಎಂಬ ಔಷಧಿ ಕೆಲವರ ಪಾದಗಳನ್ನು ಜೋಮುಗಟ್ಟಿಸಿ, ಕೆನ್ನೆಯ ಕೊಬ್ಬನ್ನು ಕರಗಿಸಿ, ಮುಚ್ಚಿಟ್ಟ ರೋಗವನ್ನು ಮುಖದಲ್ಲೇ ಬಯಲುಮಾಡುತ್ತಿತ್ತು.

ಚಿಕಿತ್ಸೆಯಲ್ಲಿ ಸ್ಥಿರವಾದವರು ಊರಿನ ಸಮೀಪದಲ್ಲೇ ಮಾತ್ರೆ ಪಡೆಯಲೆಂದು ಲಿಂಕ್ ಎಆರ್‌ಟಿ ಕೇಂದ್ರಗಳೆಂಬ ಉಪಕೇಂದ್ರಗಳು ಬಂದವು. ಅವು ಬಸ್ಸಿನ ಖರ್ಚನ್ನು ತಗ್ಗಿಸಿದವು, ಆದರೆ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಪರಿಚಿತರ ಕಣ್ಣಿಗೆ ಬೀಳುವ ಭಯವನ್ನು ಹೆಚ್ಚಿಸಿದವು. ದೂರದ ಕೇಂದ್ರವನ್ನೇ ಬಯಸುವವರಿರುವುದಕ್ಕೆ ಇದೇ ಕಾರಣ. 2017ರಲ್ಲಿ ಸಿಡಿ4 ಮಿತಿ ರದ್ದಾಗಿ ಸೋಂಕಿತರೆಲ್ಲರಿಗೂ ಚಿಕಿತ್ಸೆ ದೊರೆಯಿತು. ಅನುಮತಿಯಿಲ್ಲದೆ ಸೋಂಕಿನ ವಿಷಯ ಬಹಿರಂಗಪಡಿಸುವುದನ್ನು ತಡೆಯುವ ಕಾಯ್ದೆ 2018ರ ಸೆಪ್ಟೆಂಬರಿನಲ್ಲಿ ಜಾರಿಯಾಯಿತು. ಹಲವು ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡುವ ಕ್ರಮ ವ್ಯಾಪಕವಾದದ್ದು ಮಾತ್ರ 2020ರ ಲಾಕ್‌ಡೌನಿನಲ್ಲಿ, ಗುಳೆ ಹೋದವರು ಊರಿಗೆ ಮರಳುತ್ತಿದ್ದ ಹೊತ್ತಿನಲ್ಲಿ.