ಅಂಚಿನ ಮೇಲಿನ ಹೆಸರು

ಹಳೆಯ ಸೈನಿಕ ಪದಕಗಳನ್ನು ಕೂಡಿಡುವ ಚಟ ನನಗೆ ಹಿಡಿದು ಇಪ್ಪತ್ತು ವರ್ಷಗಳ ಮೇಲಾಯಿತು. ನಾಣ್ಯ ಸಂಗ್ರಹಿಸುವವರಿಗೆ ಸಮಾಜದಲ್ಲಿ ಒಂದು ಮರ್ಯಾದೆಯಿದೆ. ಅಂಚೆಚೀಟಿಯವರನ್ನು ಮಕ್ಕಳಾದರೂ ಗೌರವಿಸುತ್ತಾರೆ. ಪರರ ಎದೆಯ ಮೇಲಿದ್ದ ಬಿಲ್ಲೆಯನ್ನು ದುಡ್ಡು ಕೊಟ್ಟು ತರುವವನನ್ನು ಮಾತ್ರ ಮನೆಯವರೂ ಅನುಮಾನದಿಂದಲೇ ನೋಡುತ್ತಾರೆ. ಆ ಅನುಮಾನ ತೀರ ನಿರಾಧಾರವಲ್ಲವೆಂಬುದು ಒಂದು ಭಾನುವಾರ, ಬ್ರೂಕ್‌ಫೀಲ್ಡಿನ ನಮ್ಮ ಮನೆಯ ಊಟದ ಮೇಜಿನ ಮೇಲೆಯೇ ಸಿದ್ಧವಾಯಿತು.

ಮೇಜಿನ ಮೇಲಿದ್ದದ್ದು ಮೊದಲನೆಯ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಬೆಳ್ಳಿಯದು, ಅಡ್ಡಳತೆ 36 ಮಿಲಿಮೀಟರು ಇರಬೇಕಾದದ್ದು. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದರಲ್ಲಿ ಬೆತ್ತಲೆಯಾಗಿ ಕುದುರೆಯೇರಿದ ಸವಾರ, 1914 ಮತ್ತು 1918 ಎಂಬ ಇಸವಿಗಳು. ಇಂಥವು ಸುಮಾರು 65 ಲಕ್ಷ ಹೊರಬಿದ್ದುವಾದ್ದರಿಂದ ಪದಕವೇನೂ ಅಪರೂಪದ್ದಲ್ಲ. ಅದರ ಬೆಲೆಯೆಲ್ಲ ಅಂಚಿನಲ್ಲಿದೆ. ಪಡೆದವನ ಸಂಖ್ಯೆ, ದರ್ಜೆ, ಹೆಸರು, ಪಡೆ ಇವನ್ನು ಅಂಚಿನ ಮೇಲೆ ಅಚ್ಚೊತ್ತಿ ಕೊಡುವುದು ಸರಕಾರದ ಪದ್ಧತಿಯಾಗಿತ್ತು. ನನ್ನದರ ಅಂಚಿನಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಒಬ್ಬ ಸವಾರನ ಹೆಸರಿತ್ತು.

1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರದ ಸವಾರರೂ ನಮ್ಮ ಮೈಸೂರಿನವರೂ ಭರ್ಜಿ ಹಿಡಿದು, ಕುದುರೆಗಳ ಮೇಲೆ ನುಗ್ಗಿ ಗೆದ್ದರು. ಎದುರಿಗೆ ಫಿರಂಗಿಗಳು, ಮೆಷಿನ್‌ಗನ್ನುಗಳು. ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ಫಿರಂಗಿಗಳ ಮೇಲೆ ಏರಿಹೋದವರು ಮೈಸೂರಿನವರು. ಆ ದಿನ ಸೆರೆಸಿಕ್ಕ ಶತ್ರುಗಳೇ ಸುಮಾರು 1350 ಮಂದಿ. ಆ ಪಡೆಯ ಸ್ಮಾರಕ ಬೆಂಗಳೂರಿನ ಜೆ. ಸಿ. ನಗರದಲ್ಲಿದೆ. ನಾಲ್ಕು ವರ್ಷ, ಪ್ರತಿ ಸೆಪ್ಟೆಂಬರ್ 23ರಂದು, ಈ ಪದಕವನ್ನು ಜೇಬಿನಲ್ಲಿಟ್ಟುಕೊಂಡು ನಾನು ಅಲ್ಲಿಗೆ ಹೋಗಿ ಬಂದಿದ್ದೆ. ನೆಂಟರಿಷ್ಟರಿಗೆ ಆ ಸವಾರನ ಕಥೆಯನ್ನು, ನನಗೆ ತಿಳಿಯದ ಭಾಗಗಳನ್ನೂ ಸೇರಿಸಿ, ಹೇಳಿದ್ದೆ.

ಪಕ್ಕದ ಮನೆಯ ರಾಯರು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರಿಗೆ ಇತಿಹಾಸ ಬೇಡ, ಅಳತೆ ಬೇಕು. “ಎಲ್ಲಿ, ಇತ್ತ ಕೊಡಿ ಸ್ವಾಮಿ” ಎಂದು ಪದಕವನ್ನು ಮೈಕ್ರೋಮೀಟರಿಗೆ ಸಿಕ್ಕಿಸಿದರು. ಒಂದು ಕಡೆ 35.7 ಬಂತು. ತುಸು ತಿರುಗಿಸಿದರೆ 35.4. “ಟಂಕಸಾಲೆಯವರು ಇಷ್ಟು ಕೆಟ್ಟ ಕೆಲಸ ಮಾಡುತ್ತಾರೆಯೆ?” ಎಂದರು. ದೀಪವನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆವು. ನನ್ನ ಸವಾರನ ಹೆಸರಿನ ಎರಡು ಅಕ್ಷರಗಳ ನಡುವೆ ಒಂದು ಹಳೆಯ ಅಂಕೆಯ ಅರ್ಧಭಾಗ ಮಸುಕಾಗಿ ಕಾಣುತ್ತಿತ್ತು.

ಪದಕ ಅಸಲೇ, ಬೆಳ್ಳಿಯೂ ಅಸಲೇ. ಯಾವನೋ ಒಬ್ಬನ ಹೆಸರನ್ನು ಅರದಿಂದ ಉಜ್ಜಿ ತೆಗೆದು, ಬೆಲೆ ಬರುವ ಪಡೆಯವನ ಹೆಸರನ್ನು ಆ ಜಾಗದಲ್ಲಿ ಒತ್ತಿದ್ದರು. ಆಮೇಲೆ ನೋಡಿದರೆ ಅಕ್ಷರಗಳೇ ಸಾಕ್ಷಿ ಹೇಳುತ್ತಿದ್ದುವು: ಒಂದು ಆಳ, ಒಂದು ಮೇಲುಮೇಲು, ಸಾಲು ಅಂಕುಡೊಂಕು. ಬಿಡಿ ಅಚ್ಚುಗಳನ್ನಿಟ್ಟು ಸುತ್ತಿಗೆಯಿಂದ ಹೊಡೆದ ಕೆಲಸ. ನಾಲ್ಕು ವರ್ಷ ಇದು ನನ್ನ ಕಣ್ಣಿಗೆ ಬೀಳಲಿಲ್ಲವೆಂದರೆ, ನೋಡುವ ಮನಸ್ಸು ನನಗಿರಲಿಲ್ಲವೆಂದೇ ಅರ್ಥ.

2018ರ ಜನವರಿಯಲ್ಲಿ ದೆಹಲಿಯ ತೀನ್ ಮೂರ್ತಿ ಚೌಕಕ್ಕೆ ಹೈಫಾದ ಹೆಸರು ಸೇರಿತು. ಅದೇ ಸೆಪ್ಟೆಂಬರಿಗೆ ಯುದ್ಧಕ್ಕೆ ನೂರು ತುಂಬಿತು. ಆಮೇಲೆ ನಾನು ಕಂಡ ‘ಹೈಫಾ ಪದಕ’ಗಳು ಒಂದೆರಡಲ್ಲ. ಒಂದರ ರಿಬ್ಬನ್ನಿನ ಮೇಲೆ ‘ಹೈಫಾ’ ಎಂದು ಬರೆದ ಬೆಳ್ಳಿಯ ಅಡ್ಡಪಟ್ಟಿಯೇ ಇತ್ತು! ಈ ಪದಕಕ್ಕೆ ಕಾಳಗಗಳ ಹೆಸರಿನ ಪಟ್ಟಿಗಳನ್ನು ಕೊಡಬೇಕೆಂದು ಬ್ರಿಟಿಷರು ಯೋಚಿಸಿದ್ದೇನೋ ನಿಜ. ಭೂಸೇನೆಗೇ 79 ಪಟ್ಟಿಗಳ ಸೂಚನೆಯಿತ್ತು. ಖರ್ಚಿಗೆ ಹೆದರಿ ಒಂದನ್ನೂ ಕೊಡಲಿಲ್ಲ. ಇನ್ನೊಂದರ ಅಂಚಿನಲ್ಲಿ ಲ್ಯಾನ್ಸರ್ಸ್ ಪಡೆಗೆ ಒಬ್ಬ ‘ಸಿಪಾಯಿ’ಯನ್ನು ಸೇರಿಸಿದ್ದರು. ಸಿಪಾಯಿ, ಹವಾಲ್ದಾರ ಕಾಲಾಳುಗಳ ದರ್ಜೆಗಳು. ಕುದುರೆಯ ಪಡೆಯಲ್ಲಿರುವವನು ಸವಾರ, ಮೇಲೆ ದಫೇದಾರ. ಖೋಟಾ ಮಾಡುವವನೂ ಸ್ವಲ್ಪ ಓದಿಕೊಳ್ಳಬೇಡವೆ? ರಿಬ್ಬನ್ನಿನ ಪರೀಕ್ಷೆ ಸುಲಭ: ನೇರಳಾತೀತ ಟಾರ್ಚಿನ ಕೆಳಗೆ ಈಚಿನ ಕಾಲದ ನೂಲು ಬೆಳ್ಳಗೆ ಹೊಳೆಯುತ್ತದೆ. ಆದರೆ ಅಸಲು ಪದಕಕ್ಕೂ ಹೊಸ ರಿಬ್ಬನ್ನು ಹಾಕಿಸಿರಬಹುದು.

ಹೆಸರೇ ಇಲ್ಲದ ಪದಕದ ಕಥೆ ಬೇರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಪದಕ ಹೊಡೆಸಿತು. ಸಿಂಹವೊಂದು ಹುಲಿಯನ್ನು ಮೆಟ್ಟಿ ನಿಂತಿರುವ ಚಿತ್ರ. ಹಿಂದೆ ಕೋಟೆಗೆ ಲಗ್ಗೆ, ಅದರ ಕೆಳಗೆ ಪಾರಸಿ ಬರಹ. ದಂಡನಾಯಕರಿಗೆ ಚಿನ್ನ, ಕಿರಿಯ ಅಧಿಕಾರಿಗಳಿಗೆ ಬೆಳ್ಳಿ, ಸಾಮಾನ್ಯ ಸಿಪಾಯಿಗೆ ತವರ. ನಮ್ಮ ಸೋಲನ್ನು ಕೊಂಡಾಡುವ ಬಿಲ್ಲೆಗೆ ನೀವು ದುಡ್ಡು ಸುರಿಯುವುದೇಕೆಂದು ಮನೆಯಾಕೆ ಕೇಳಿದ್ದುಂಟು. ಇನ್ನೂ ಉತ್ತರ ಹೇಳಿಲ್ಲ. ಇದರ ಅಂಚಿನಲ್ಲಿ ಹೆಸರಿಲ್ಲದ್ದರಿಂದ ಖೋಟಾದವನು ಇಡೀ ಪದಕವನ್ನೇ ಎರಕ ಹೊಯ್ಯುತ್ತಾನೆ. ಎರಕದಲ್ಲಿ ಲೋಹ ಆರುವಾಗ ಕುಗ್ಗುತ್ತದೆ, ಮೈಮೇಲೆ ಸಣ್ಣ ಗುಳಿಗಳೇಳುತ್ತವೆ, ಪಾರಸಿ ಅಕ್ಷರಗಳ ಚುಕ್ಕೆಗಳು ಅಳಿದುಹೋಗುತ್ತವೆ. ತವರಕ್ಕೆ ಬೆಳ್ಳಿಯ ನೀರು ಹಾಯಿಸಿದ್ದರೆ ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ತೂಗಿದರಾಯಿತು. ಬೆಳ್ಳಿ ನೀರಿಗಿಂತ ಹತ್ತು ಪಟ್ಟಿಗೂ ಮೀರಿ ಭಾರ. ತವರ ಏಳು ಪಟ್ಟನ್ನು ತುಸು ದಾಟುತ್ತದೆ. ಒಂದನ್ನು ರಾಯರು ಅಡಿಗೆಮನೆಯ ಲೋಟದಲ್ಲೇ ಹೀಗೆ ಪರೀಕ್ಷಿಸಿ ನನ್ನ ಹಣ ಉಳಿಸಿದರು.

ಲ್ಯಾನ್ಸರ್ಸ್ ಪದಕವನ್ನು ಕೊಟ್ಟಷ್ಟೇ ಬೆಲೆಗೆ ಕೊಳ್ಳುತ್ತೇನೆಂದು ಇನ್ನೊಬ್ಬ ಸಂಗ್ರಾಹಕರು ಬಂದರು. ಅಂಚಿನ ವಿಷಯ ಅವರಿಗೆ ತಿಳಿಸಿದೆ. “ಕೊಳ್ಳುವವನಿಗೆ ನಾನು ಅದನ್ನು ಹೇಳಬೇಕೆಂದೇನಿದೆ?” ಎಂದರು. ಅವರಿಗೆ ಕಾಫಿ ಕೊಟ್ಟು ಕಳುಹಿಸಿದೆ.

ಅಳಿಸಿಹೋದವನೂ ಯುದ್ಧಕ್ಕೆ ಹೋಗಿದ್ದವನೇ. ಅವನದೆಂದು ಉಳಿದಿರುವುದು ಆ ಅರ್ಧ ಅಂಕೆಯೊಂದೇ. ಅದು 3 ಎಂದು ನನ್ನ ಊಹೆ; 8 ಎಂದು ರಾಯರ ವಾದ. ಪದಕದ ಪೆಟ್ಟಿಗೆಯಲ್ಲಿ ಈಗ ಒಂದು ಚೀಟಿ ಬರೆದಿಟ್ಟಿದ್ದೇನೆ: “ಅಂಚಿನ ಹೆಸರು ಖೋಟಾ. ಮೊದಲಿನ ಸಂಖ್ಯೆಯಲ್ಲಿ ಒಂದು 3 ಅಥವಾ 8.”