ನೊಗ ಹೊತ್ತ ಹೆಗಲ ಆರೈಕೆ

ಇಂದು ತೆಲಂಗಾಣಕ್ಕೆ ಸೇರಿರುವ ಮೊಗುಡಂಪಲ್ಲಿಯ ಸೀಮೆಯು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯ ಅಂಗವಾಗಿದ್ದಿತು. ಜಹೀರಾಬಾದ, ನಾರಾಯಣಖೇಡಗಳು ಬೀದರದಿಂದಲೂ ತಾಂಡೂರು ಗುಲ್ಬರ್ಗದಿಂದಲೂ ಅಂದು ಬೇರ್ಪಟ್ಟವಾದರೂ, ಎತ್ತನ್ನು ಸಾಕಿ ಸಲಹುವ ಪದ್ಧತಿಯು ಆ ಗಡಿಯನ್ನು ಗಣಿಸಲಿಲ್ಲ. ಪಶುಗಳಿಗೆ ಅಂಗಮರ್ದನವೆಂಬುದು ದೂರದೇಶದ ನೂತನ ವಿದ್ಯೆಯೆಂದು ಭಾವಿಸುವವರು ಈ ಎರೆಭೂಮಿಯ ಒಕ್ಕಲಿಗನ ಕೈಚಳಕವನ್ನು ನೋಡಬೇಕು.

ಪಶುವೈದ್ಯವು ಇಲ್ಲಿ ಅರಮನೆಯಲ್ಲಿಯೂ ಗೌರವ ಪಡೆದ ಶಾಸ್ತ್ರ. ಕಲ್ಯಾಣದ ಚಾಲುಕ್ಯ ವಂಶದ ರಾಜಪುತ್ರನೂ ಆರನೆಯ ವಿಕ್ರಮಾದಿತ್ಯನ ಸಹೋದರನೂ ಆದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿಯೇ ರಚಿಸಿದನು. ರಾಜಕುಮಾರನೊಬ್ಬನು ಗೋವಿನ ವ್ಯಾಧಿಯನ್ನು ಗ್ರಂಥವಿಷಯವಾಗಿ ಆರಿಸಿಕೊಂಡದ್ದು ನನ್ನ ದೃಷ್ಟಿಯಲ್ಲಿ ಆ ಕಾಲದ ದಿಗ್ವಿಜಯಗಳಿಗಿಂತ ದೊಡ್ಡ ಸಂಗತಿ. ಮುಂದೆ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರ ಕುದುರೆ ವ್ಯಾಪಾರದ ಕೇಂದ್ರವಾಯಿತು. ರಷ್ಯದ ವರ್ತಕ ಅಫನಾಸಿ ನಿಕಿತಿನ್ 15ನೆಯ ಶತಮಾನದಲ್ಲಿ ತನ್ನ ಕುದುರೆಯನ್ನು ತಂದು ಮಾರಿದುದು ಇಲ್ಲಿಯೇ.

ಕುದುರೆ ಸರದಾರರದಾದರೆ ಎತ್ತು ಒಕ್ಕಲಿಗನದು. ಅದರಲ್ಲಿಯೂ ಉದಗೀರ ಸೀಮೆಯ ದೇವಣಿ ತಳಿಯ, ಬಿಳಿಯ ಮೈ ಕಪ್ಪು ಮೋರೆಯ ವಾನೇರಾ ಎತ್ತಿನ ಜೋಡಿಯೆಂದರೆ ಮನೆಯ ಮಾನವೇ ಸರಿ. ತೆಲುಗರು ಏರುವಾಕ ಪೂರ್ಣಿಮೆಯೆನ್ನುವ ಕಾರಹುಣ್ಣಿಮೆ ಸಮೀಪಿಸಿದಾಗ, ಎತ್ತುಗಳ ಮೈತೊಳೆದು, ಅರಿಶಿನ ಕಲಸಿದ ಎಣ್ಣೆಯನ್ನು ಅಂಗೈಗೆ ಹಚ್ಚಿಕೊಂಡು, ಹಿಣಿಲಿನ ಬುಡದಿಂದ ಕುತ್ತಿಗೆಯವರೆಗೆ, ನೊಗ ಕೂಡುವ ಆ ಒಂದೇ ಜಾಗವನ್ನು ಮೊದಲು ಹಗುರಾಗಿಯೂ ಬಳಿಕ ಒತ್ತಿಯೂ ತಿಕ್ಕುತ್ತ ಬಂದಂತೆ, ಮೊದಮೊದಲು ಬಾಲ ಬೀಸುತ್ತ ಕಸಿವಿಸಿಗೊಳ್ಳುವ ಪಶುವು ಕ್ರಮೇಣ ತಲೆಯಿಳಿಸಿ, ಕಣ್ಣರೆಮುಚ್ಚಿ, ತುಟಿ ಜೋಲುಬಿಟ್ಟು, ಕೈ ನಿಂತೊಡನೆ ಹೆಗಲನ್ನು ತಾನೇ ಮುಂದೊಡ್ಡುವುದು. ಮರ್ದನದಿಂದ ಬಿಗಿದ ಸ್ನಾಯುಗಳು ಸಡಿಲುವವು, ಚರ್ಮ ಮೃದುವಾಗುವುದು, ರಕ್ತಸಂಚಾರ ಚುರುಕಾಗುವುದು. ಇವೆಲ್ಲಕ್ಕಿಂತ ಮಿಗಿಲಾಗಿ, ಕಣ್ಣಿಗೆ ಕಾಣದ ಗಂಟು, ಎಳೆಯ ಬಾವು, ಒಳಬಿಸಿ ಬೆರಳಿಗೆ ಸಿಕ್ಕಿಬಿಡುವುವು. ಹೆಗಲು ಹುಣ್ಣಾಗುವ ಮುನ್ನವೇ ಎತ್ತಿಗೆ ವಿಶ್ರಾಂತಿ ದೊರೆಯುವುದು. ಕರೆಯುವ ಹಸುವಿಗೂ ಇದೇ ನ್ಯಾಯ: ಕರು ಗುಮ್ಮಿದಾಗಲೂ ಕೈ ಕೆಚ್ಚಲನ್ನು ಮೆಲ್ಲನೆ ನೀವಿದಾಗಲೂ ಮೈಯೊಳಗೆ ಆಕ್ಸಿಟೋಸಿನ್ ಸ್ರವಿಸುವುದರಿಂದಲೇ ಅದು ತೊರೆಬಿಡುವುದು.

ಆದರೆ ಜ್ವರವಿರುವ ಮೈಯನ್ನೂ, ಹಸಿಗಾಯವನ್ನೂ, ಬಿಸಿಯಾಗಿ ಬಾತ ಹೆಗಲನ್ನೂ ತಿಕ್ಕಲಾಗದು. ಅಲ್ಲಿ ಪಶುವೈದ್ಯರನ್ನೇ ಕರೆಯತಕ್ಕದ್ದು.

ಟ್ರ್ಯಾಕ್ಟರು ಬಂದು ಎತ್ತಿನ ಜೋಡಿಗಳು ವಿರಳವಾಗಿರುವ ಈ ದಿನಗಳಲ್ಲಿ, ಕೊಟ್ಟಿಗೆ ಬರಿದಾದೊಡನೆ ಈ ಕೈಗುಣವೂ ಅಳಿದೀತೆಂಬ ಚಿಂತೆ ನನಗುಂಟು. ಎತ್ತು ಉಳಿದಿರುವ ಮನೆಯವರಲ್ಲಿ ನನ್ನ ವಿನಂತಿಯಿಷ್ಟೆ: ಈ ಸೇವೆಯನ್ನು ಹುಣ್ಣಿಮೆಯ ಒಂದು ದಿನಕ್ಕೆ ಮುಗಿಸದೆ, ನೊಗ ಕಳಚಿದ ಪ್ರತಿ ಸಂಜೆಯೂ ಹೆಗಲನ್ನು ಮುಟ್ಟಿ ನೋಡಿರಿ; ಮನೆಯ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರಿಗೂ ಕಲಿಸಿರಿ.